ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳು ಓದಬೇಕಾದ ಚರಿತ್ರೆ

ಏಪ್ರಿಲ್ 10ರ ಸುಮಾರಿಗೆ ನಮ್ಮ ಶಾಲೆಗಳಿಗೆ ಬೀಗ ಬೀಳುತ್ತದೆ. 11ನೇ ತಾರೀಖು ಜ್ಯೋತಿಬಾ ಫುಲೆ ಹುಟ್ಟಿದ ದಿನ. 14ನೇ ತಾರೀಖು ಬಾಬಾಸಾಹೇಬರು ಹುಟ್ಟಿದ ದಿನ. ಆಮೇಲೆ ಬಸವ ಜಯಂತಿ, ಮೇ 1ರ ಕಾರ್ಮಿಕರ ದಿನ, ಬುದ್ಧ ಪೂರ್ಣಿಮೆ. ನಮ್ಮ ಜನ ನೆನೆಯಬೇಕಾದ ದಿನಗಳು ಒಂದರ ಹಿಂದೆ ಒಂದು ಬರುತ್ತವೆ, ಆದರೆ ಶಾಲೆ ಬಾಗಿಲು ಮಾತ್ರ ಹಾಕಿರುತ್ತದೆ. ಇದನ್ನು ಯಾರೋ ಬೇಕೂಂತ ಮಾಡಿದ್ದು ಅಂತ ನಾವು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಬಿಸಿಲು ಸುಡೋದು ಯಾರ ಪಿತೂರಿಯೂ ಅಲ್ಲ. ಆದರೆ ಆಗಿರೋದೇನು? 14ರ ಬೆಳಗ್ಗೆ ಮೇಷ್ಟ್ರು ಬರುತ್ತಾರೆ, ಫೋಟೋಕ್ಕೆ ಹಾರ ಹಾಕುತ್ತಾರೆ, ಊದುಬತ್ತಿ ಹಚ್ಚುತ್ತಾರೆ, ಬಂದ ಹತ್ತು ಮಕ್ಕಳಿಗೆ ಚಾಕಲೇಟು ಹಂಚಿ ಬೀಗ ಹಾಕಿಕೊಂಡು ಬಸ್ಸು ಹಿಡಿಯುತ್ತಾರೆ. ಅಲ್ಲಿಗೆ ಚರಿತ್ರೆ ಮುಗಿಯಿತು.

ಓದುವ ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು. ನಮ್ಮ ಗುಂಪಿನಲ್ಲೇ ಇಬ್ಬರು ಮೇಷ್ಟ್ರಿದ್ದಾರೆ. ಬಸ್ಸು ಹಿಡಿದವರಲ್ಲಿ ಅವರೂ ಸೇರಿದ್ದಾರೆ.

ಈ ಲೇಖನ 2024ರ ಬೇಸಿಗೆಯದು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನ ಸರಕಾರ ಬರಪೀಡಿತ ಅಂತ ಸಾರಿತ್ತು. ನಮ್ಮ ಊರಲ್ಲಿ ಬೋರ್‌ವೆಲ್ಲು ಬತ್ತಿ ಟ್ಯಾಂಕರು ಬರುತ್ತಿತ್ತು. ದೊಡ್ಡವರು ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತೋದಕ್ಕೆ ಹೋಗುತ್ತಿದ್ದರು. ಪೇಟೆ ಮಕ್ಕಳಿಗೆ ಸಮ್ಮರ್ ಕ್ಯಾಂಪು: ಈಜು, ಕರಾಟೆ, ಚಿತ್ರಕಲೆ, ಎಲ್ಲಕ್ಕೂ ಫೀಜು. ನಮ್ಮ ಮಕ್ಕಳಿಗೆ ಬಿಂದಿಗೆ ಸಾಲು, ಕುರಿಮರಿ, ಯಾರದೋ ಮೊಬೈಲಿನ ಸುತ್ತ ಎಂಟು ತಲೆ. ಅವರನ್ನ ಸಂಜೆ ಏಳರಿಂದ ಎಂಟರವರೆಗೆ ಅಂಬೇಡ್ಕರ್ ಭವನದ ಜಗಲಿ ಮೇಲೆ ಕೂರಿಸಿ ಚರಿತ್ರೆ ಓದಿಸೋಣ ಅಂತ ಹೊರಟೆವು. ಆರು, ಏಳು, ಎಂಟನೇ ಕ್ಲಾಸಿನವರು. ಹಿಂದೆ ಮಿಡ್ಲಿಸ್ಕೂಲು ಅಂತಿದ್ದೆವಲ್ಲ, ಆ ವಯಸ್ಸು. ಕತೆ ಸಾಕು ಅನ್ನೋಷ್ಟು ದೊಡ್ಡವರಲ್ಲ, ಹೇಳಿದ್ದನ್ನೆಲ್ಲ ನಂಬೋಷ್ಟು ಚಿಕ್ಕವರೂ ಅಲ್ಲ.

ಏನು ಓದಿಸೋದು? ಮೂರು ಸಂಜೆ ನಮ್ಮನಮ್ಮಲ್ಲೇ ಜಗಳ ಆಯಿತು. ಒಬ್ಬರು ಅಶೋಕನಿಂದ ಹಿಡಿಯೋಣ ಅಂದರು. ಸಾಲುಮರ ನೆಡಿಸಿದ, ಬಾವಿ ತೋಡಿಸಿದ ಅಂತ ನಾವೂ ಬಾಯಿಪಾಠ ಮಾಡಿದವರೇ. ಆದರೆ ಆ ಬಾವಿಗಳನ್ನ ತೋಡಿದ ಕೈ ಯಾವುದು, ತೋಡಿದವರಿಗೆ ಆಮೇಲೆ ಅದರ ಹಗ್ಗ ಮುಟ್ಟೋಕೆ ಬಿಟ್ಟರಾ ಅಂತ ಕೇಳೋದನ್ನ ನಮಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು, ಅವರ ಮಂತ್ರಿ ಪದವಿಯೂ ಹೋಯಿತು. ಮಕ್ಕಳ ಚರಿತ್ರೆ ಪುಸ್ತಕದಲ್ಲಿ ಕಾಳೆಷ್ಟು ಬೂಸಾ ಎಷ್ಟು ಅಂತ ಆಗ ಯಾರಾದರೂ ಜರಡಿ ಹಿಡಿದಿದ್ದರೆ ಚೆನ್ನಾಗಿತ್ತು. ತೀರ ಈಚೆಗೆ, 2022ರ ಪಠ್ಯಪುಸ್ತಕ ಪರಿಷ್ಕರಣೆಯಲ್ಲಿ, ಅಂಬೇಡ್ಕರರ ಹೆಸರಿನ ಹಿಂದಿನ ಸಂವಿಧಾನ ಶಿಲ್ಪಿ ಅನ್ನೋ ಮಾತೇ ಉದುರಿಹೋಗಿ, ಜನ ಗಲಾಟೆ ಮಾಡಿದ ಮೇಲೆ ಸರಕಾರ ಮತ್ತೆ ಸೇರಿಸಬೇಕಾಯಿತು.

ಇನ್ನೊಬ್ಬರು ಸುಧಾರಕರನ್ನ ಓದಿಸೋಣ ಅಂದರು. ಮಂಗಳೂರಿನ ಕುದ್ಮುಲ್ ರಂಗರಾಯರು ತಮ್ಮ ಜಾತಿಯವರ ಬಹಿಷ್ಕಾರ ಉಂಡು ನಮ್ಮವರಿಗೆ ಶಾಲೆ ತೆಗೆದವರು. ಅವರ ಹೆಸರು ಮಕ್ಕಳಿಗೆ ಗೊತ್ತಿರಬೇಕು, ಇಲ್ಲ ಅನ್ನೋದಿಲ್ಲ. ಆದರೆ ಬರೀ ಇದನ್ನೇ ಓದಿದ ಮಗು ಏನು ತಿಳಿಯುತ್ತೆ? ಯಾರೋ ದೊಡ್ಡವರು ಬಂದು ಕೈಹಿಡಿದು ಎತ್ತಿದರು, ನಾವು ಎದ್ದೆವು ಅಂತ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಈ ಬೇಸಿಗೆ ದೊಡ್ಡವರು ಬೇಡ. ಈ ಮಕ್ಕಳ ಹಾಗೇ ಶಾಲೆಗೆ ಹೋದ, ಹೋಗೋಕೆ ನಿಂತ ಮಕ್ಕಳನ್ನ ಓದೋಣ. ಮೂವರು ಸಿಕ್ಕರು.

ಮೊದಲನೆಯವಳು ಮುಕ್ತಾ ಸಾಳ್ವೆ. ಪುಣೆಯಲ್ಲಿ ಫುಲೆ ದಂಪತಿಗಳು 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು, ಆಮೇಲೆ ಮಹಾರ ಮಾಂಗ ಮಕ್ಕಳಿಗೂ ಶಾಲೆಗಳನ್ನ ನಡೆಸಿದರು. ಅವರ ಶಾಲೆಯಲ್ಲಿ ಕಲಿತ ಮಾಂಗ ಜಾತಿಯ ಹುಡುಗಿ ಈ ಮುಕ್ತಾ. ವಯಸ್ಸು ಹದಿನಾಲ್ಕರ ಸುಮಾರು. ಮಾಂಗರು ಅಂದರೆ ನಮ್ಮ ಕಡೆಯ ಮಾದಿಗರ ಹಾಗೆ ಅಂತ ಮಕ್ಕಳಿಗೆ ಬಿಡಿಸಿ ಹೇಳಿದೆವು. ಮಾಂಗ ಮಹಾರರ ದುಃಖವೇನು ಅಂತ ಅವಳು ಬರೆದ ಪ್ರಬಂಧವನ್ನ 1855ರಲ್ಲಿ 'ಜ್ಞಾನೋದಯ' ಅನ್ನೋ ಮಿಷನರಿಗಳ ಮರಾಠಿ ಪತ್ರಿಕೆ ಅಚ್ಚು ಹಾಕಿತು. ಅದನ್ನ ನಾವು ಇಂಗ್ಲಿಷಿನಿಂದ ನಮ್ಮ ಮಾತಿಗೆ ಮಾಡಿಕೊಂಡು ಓದಿದೆವು. ನಮ್ಮವರನ್ನ ನೆಲದಿಂದ ಓಡಿಸಿ ದೊಡ್ಡ ಕಟ್ಟಡಗಳ ಪಾಯಕ್ಕೆ ಹಾಕಿದರು ಅಂತ ಬರೆಯುತ್ತಾಳೆ. ಬಾಜೀರಾಯನ ಕಾಲದಲ್ಲಿ ಗರಡಿಮನೆ ಮುಂದೆ ಹಾದುಹೋದ ತಪ್ಪಿಗೆ ತಲೆ ಕಡಿದು ಚೆಂಡಾಡಿದ್ದನ್ನ ಬರೆಯುತ್ತಾಳೆ. ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ನಮ್ಮ ಹೆಂಗಸರ ಪಾಡು ಬರೆಯುತ್ತಾಳೆ. ವೇದ ಬ್ರಾಹ್ಮಣರದು, ನಾವು ಅದರ ಕಡೆ ನೋಡೋ ಹಾಗೂ ಇಲ್ಲ ಅಂದಮೇಲೆ ನಮ್ಮ ಧರ್ಮ ಯಾವುದು ಅಂತ ನೇರ ದೇವರನ್ನೇ ನಿಲ್ಲಿಸಿ ಕೇಳುತ್ತಾಳೆ.

ಓದಿ ಮುಗಿಸಿದಾಗ ಎಂಟನೇ ಕ್ಲಾಸಿನ ಒಬ್ಬ ಹುಡುಗ, “ಇದನ್ನ ಅವಳೇ ಬರೆದ್ಲಾ ಸಾ? ಎಲ್ಲಿಂದಾದ್ರೂ ಕಾಪಿ ಹೊಡೆದಿರ್ಬೇಕು” ಅಂದ. ಜಗಲಿಯೆಲ್ಲ ನಗು. ಅವನ ಪಕ್ಕದಲ್ಲಿದ್ದ ಏಳನೇ ಕ್ಲಾಸಿನ ಹುಡುಗಿ ಮಾತ್ರ ನಗಲಿಲ್ಲ. “ಯಾವ ಪುಸ್ತಕದಲ್ಲಿ ಇದು ಇತ್ತು ಕಾಪಿ ಹೊಡಿಯಾಕೆ?” ಅಂದಳು. ನಾವು ಹೇಳಬೇಕಾದ್ದನ್ನ ಅವಳೇ ಹೇಳಿದಳು.

ಎರಡನೆಯವನು ನಮ್ಮ ಕನ್ನಡ ನಾಡಿನವನೇ. ಧಾರವಾಡದ ಹುಡುಗ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1856ರಲ್ಲಿ ಅಲ್ಲಿನ ಸರಕಾರಿ ಶಾಲೆ ಅವನನ್ನ ಸೇರಿಸಿಕೊಳ್ಳಲಿಲ್ಲ. ಕಾರಣ, ಮಹಾರ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಸರಕಾರದ ಉತ್ತರದ ತಿರುಳು ಹೀಗಿತ್ತು: ಹುಡುಗನಿಗೆ ಆಗಿರೋದು ಅನ್ಯಾಯವೇ ಇರಬಹುದು, ಆದರೆ ಒಬ್ಬನಿಗೋಸ್ಕರ ಒಳಗೆ ಬಿಟ್ಟರೆ ಉಳಿದ ಜಾತಿಯವರೆಲ್ಲ ಶಾಲೆ ಬಿಟ್ಟು ಹೋಗುತ್ತಾರೆ, ಶಾಲೆಯೇ ಕೆಲಸಕ್ಕೆ ಬಾರದಂತಾಗುತ್ತದೆ. ನ್ಯಾಯ ಹುಡುಗನ ಕಡೆ ಇದೆ, ಸಂಖ್ಯೆ ಇನ್ನೊಂದು ಕಡೆ ಇದೆ, ನಾವು ಸಂಖ್ಯೆ ಕಡೆ ಇದ್ದೇವೆ ಅಂತ ಅರ್ಥ. ಇಂಥ ಮಾತನ್ನ ಆಮೇಲೂ ಎಷ್ಟೋ ಸರಕಾರಗಳ ಬಾಯಲ್ಲಿ ಕೇಳಿದ್ದೇವೆ.

ಆದರೆ ಕಾಗದ ಅಲ್ಲಿಗೇ ನಿಲ್ಲಲಿಲ್ಲ. ಭಾರತ ಸರಕಾರ ಈ ತೀರ್ಮಾನವನ್ನ ಒಪ್ಪಲಿಲ್ಲ. ವಿಷಯ ಲಂಡನ್ನಿನಲ್ಲಿ ಕೂತ ಕಂಪನಿ ನಿರ್ದೇಶಕರ ತನಕ ಹೋಯಿತು. 1858ರಲ್ಲಿ ಮುಂಬಯಿ ಸರಕಾರ, ತನ್ನ ಹಣದಿಂದಲೇ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿವೆ ಅಂತ ಸಾರಬೇಕಾಯಿತು. ಕಾಗದದ ಮೇಲೆ ತೆರೆದ ಬಾಗಿಲು ಊರೂರಲ್ಲಿ ತೆರೆಯೋದಕ್ಕೆ ಇನ್ನೂ ಎಷ್ಟೋ ಕಾಲ ಹಿಡಿಯಿತು, ಅದು ಬೇರೆ ಮಾತು. ಎಪ್ಪತ್ತು ವರ್ಷ ಆದಮೇಲೆ, 1928ರಲ್ಲಿ, ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಕಮಿಷನ್ನಿಗೆ ಹೇಳಿಕೆ ಬರೆದಾಗ ಅಂಬೇಡ್ಕರರು ಈ ಹುಡುಗನ ಪ್ರಕರಣವನ್ನ ಎತ್ತಿ ಮುಂದಿಟ್ಟರು.

“ಅವನ ಹೆಸರೇನು ಸಾ?” ವರದಿಗಳಲ್ಲಿ ಅವನಿಗೆ ಹೆಸರಿಲ್ಲ. ಒಬ್ಬ ಮಹಾರ ಹುಡುಗ, ಅಷ್ಟೆ. ಅವನನ್ನ ಹೊರಗಿಟ್ಟ ಪ್ರಾಂತದ ಗವರ್ನರ್ ಯಾರು ಅಂತ ಯಾವ ಪುಸ್ತಕದಲ್ಲಿ ಬೇಕಾದರೂ ಸಿಗುತ್ತೆ.

ಮೂರನೆಯವನಿಗೆ ಹೆಸರಿದೆ. ಭೀಮ. ಅವನ ಕತೆಯನ್ನ ಎಂಟು ಸಂಜೆ ಓದಿದೆವು. ಅದು ಬೇಸಿಗೆ ರಜೆಯಲ್ಲೇ ನಡೆದ ಕತೆಯಾದ್ದರಿಂದ ಬೇಗ ಮುಗಿಸೋಕೆ ಮನಸ್ಸೇ ಬರಲಿಲ್ಲ. ಅಂಬೇಡ್ಕರರು 1935-36ರ ಸುಮಾರಿನಲ್ಲಿ ತಮಗೂ ತಮ್ಮವರಿಗೂ ಆದ ಅನುಭವಗಳನ್ನ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡು ಮೂವತ್ತನಾಲ್ಕು ವರ್ಷ ಆದಮೇಲೆ, 1990ರಲ್ಲಿ, ಪೀಪಲ್ಸ್ ಎಜುಕೇಷನ್ ಸೊಸೈಟಿ ಅದನ್ನ 'ವೇಟಿಂಗ್ ಫಾರ್ ಎ ವೀಸಾ' ಅಂತ ಪುಸ್ತಿಕೆ ಮಾಡಿತು. ತೀರ ಸಣ್ಣದು. ಮೊದಲ ಅಧ್ಯಾಯವನ್ನ ಮಿಡ್ಲಿಸ್ಕೂಲಿನ ಮಗುವಿಗೆ ಹಾಗೇ ಓದಿ ಹೇಳಬಹುದು, ಏನನ್ನೂ ಸರಳ ಮಾಡಬೇಕಾಗಿಲ್ಲ.

1901. ಭೀಮನಿಗೆ ಒಂಬತ್ತು ವರ್ಷ. ಮನೆ ಸತಾರದಲ್ಲಿ. ತಾಯಿ ತೀರಿಕೊಂಡಿದ್ದರು. ತಂದೆ ಖಟಾವ್ ತಾಲ್ಲೂಕಿನ ಕೋರೆಗಾವ್‌ನಲ್ಲಿ ಕ್ಯಾಷಿಯರ್. (ಇದು 1818ರ ಯುದ್ಧ ನಡೆದ ಭೀಮಾ ಕೋರೆಗಾವ್ ಅಲ್ಲ. ಅದು ಪುಣೆ ಹತ್ತಿರ, ಇದು ಸತಾರ ಜಿಲ್ಲೆ. ನಮ್ಮ ಭಾಷಣಕಾರರೇ ಎಷ್ಟೋ ಸಲ ಎರಡನ್ನೂ ಕಲಸಿಬಿಡುತ್ತಾರೆ.) ಎಂಥ ಕೆಲಸದ ಕ್ಯಾಷಿಯರ್? ಬರಗಾಲ ಬಿದ್ದು ಜನ ಸಾವಿರಗಟ್ಟಲೆ ಸಾಯುತ್ತಿದ್ದಾಗ ಸರಕಾರ ಕೂಲಿ ಕೊಡೋದಕ್ಕೆ ಅಂತ ಅಲ್ಲಿ ಕೆರೆ ತೋಡಿಸುತ್ತಿತ್ತು. ಆ ಕೆರೆ ಕೆಲಸದ ದುಡ್ಡಿನ ಲೆಕ್ಕ ತಂದೆ ಕೈಲಿ.

ಇಲ್ಲಿಗೆ ಬರೋ ಹೊತ್ತಿಗೆ ಮಕ್ಕಳು ಮುಂದಕ್ಕೆ ಸರಿದು ಕೂತಿದ್ದರು. “ನಮ್ಮವ್ವನೂ ಕೆರೆ ಕೆಲಸಕ್ಕೇ ಹೋಗೋದು” ಅಂತ ಒಬ್ಬ. “ನಮ್ಮಪ್ಪನೂ.” ನಾವು ಹೂಂ ಅಂದು ಮುಂದೆ ಓದಿದೆವು.

ರಜೆಗೆ ತಂದೆ ಹತ್ತಿರ ಹೋಗೋದು ಅಂತಾಯಿತು. ಭೀಮ, ಅವನ ಅಣ್ಣ, ತೀರಿಹೋದ ಅಕ್ಕನ ಇಬ್ಬರು ಮಕ್ಕಳು. ನಾಲ್ವರೂ ಅದುವರೆಗೆ ರೈಲು ಕಂಡವರಲ್ಲ. ಹೊಸ ಅಂಗಿ, ಮಿರುಗೋ ಟೋಪಿ, ರೇಷ್ಮೆ ಅಂಚಿನ ಪಂಚೆ, ಹೊಸ ಜೋಡು. ಕೈಗೆ ಪುಡಿಗಾಸು ಸಿಕ್ಕಿದ್ದೇ ತಡ ನಿಂಬೆ ಷರಬತ್ತಿನ ಬಾಟ್ಲಿ ಕೊಂಡು ಕುಡಿದರು. (“ಗೋಲಿ ಸೋಡಾನಾ ಸಾ?” ಅಂತ ಒಬ್ಬ ಕೇಳಿದ. ಇರಬಹುದು ಅಂದೆವು.) ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಹುಬ್ಬಳ್ಳಿ ಬೆಳಗಾವಿಯಿಂದ ಪುಣೆಗೆ ಹೋಗುವ ರೈಲುದಾರಿಯಲ್ಲೇ ಈ ಸ್ಟೇಷನ್ ಇದೆ. ಭೂಪಟ ಹರಡಿ ತೋರಿಸಿದೆವು.

ಕರೆದುಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ಮಕ್ಕಳು ಬರೋ ಸುದ್ದಿಯೇ ತಂದೆಗೆ ಮುಟ್ಟಿರಲಿಲ್ಲ. ಬಟ್ಟೆಬರೆ ನೋಡಿ ಸ್ಟೇಷನ್ ಮಾಸ್ತರು ಬ್ರಾಹ್ಮಣರ ಮಕ್ಕಳು ಅಂದುಕೊಂಡ, ಅಯ್ಯೋ ಪಾಪ ಅಂತ ವಿಚಾರಿಸಿದ. ನೀವು ಯಾರು ಅಂದಾಗ ಭೀಮ ಥಟ್ಟನೆ ಮಹಾರರು ಅಂದುಬಿಟ್ಟ. ಮಾಸ್ತರ ಮುಖವೇ ಬದಲಾಯಿತು. ಬಾಡಿಗೆಗೆ ಎತ್ತಿನ ಗಾಡಿಗಳಿದ್ದವು, ಒಬ್ಬನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡರಷ್ಟು, ಗಾಡಿ ಹೊಡೆಯೋರು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ.

ಕತ್ತಲಾಯಿತು. ಬುಟ್ಟಿ ತುಂಬ ಬುತ್ತಿ ಇತ್ತು, ಗಂಟಲಿಗೆ ಇಳಿಸೋಕೆ ನೀರಿರಲಿಲ್ಲ. ದಾರಿಯ ಹೊಳೆಯಲ್ಲಿ ಇದ್ದದ್ದು ಕೆಸರು, ಗಂಜಳ, ಸಗಣಿ. ರಾತ್ರಿ ಸುಂಕದ ಕಟ್ಟೆಗೆ ಬಂದರು. ಗಾಡಿಯವನು ಹೇಳಿಕೊಟ್ಟ ಹಾಗೆ ಭೀಮ ಸುಂಕದವನ ಹತ್ತಿರ ಹೋಗಿ, ಉರ್ದುವಿನಲ್ಲಿ, ನಾವು ಮುಸಲ್ಮಾನರು, ಕುಡಿಯೋಕೆ ನೀರು ಬೇಕು ಅಂದ. ಅಲ್ಲೂ ನೀರು ಸಿಗಲಿಲ್ಲ. ನಾಲ್ಕು ಮಕ್ಕಳು ಬುತ್ತಿ ಪಕ್ಕದಲ್ಲಿಟ್ಟುಕೊಂಡು ಹಸಿದು ಮಲಗಿದರು. ಮಾರನೆ ದಿನ ಬೆಳಗ್ಗೆ ಹನ್ನೊಂದಕ್ಕೆ ಕೋರೆಗಾವ್ ಸೇರಿದರು.

ಕೆರೆ ತೋಡಿಸುವವನ ಮಕ್ಕಳು.

“ಸುಳ್ಳು ಹೇಳಿದ್ದು ತಪ್ಪಲ್ವ ಸಾ, ಮುಸ್ಲಿಮರು ಅಂತ?” ಆರನೇ ಕ್ಲಾಸಿನ ಹುಡುಗಿಯ ಪ್ರಶ್ನೆ. ನಾವು ಬಾಯಿಬಿಡೋಕೆ ಮುಂಚೆ ಇನ್ನೊಬ್ಬ ಹುಡುಗ, “ನಮ್ಮಣ್ಣ ಬೆಂಗ್ಳೂರಲ್ಲಿ ರೂಮು ಕೇಳಕ್ಕೆ ಹೋದಾಗ ಬ್ಯಾರೆ ಜಾತಿ ಹೇಳವ್ನೆ” ಅಂದ. ಅಂದವನು ತಲೆ ತಗ್ಗಿಸಿದ. ಜಗಲಿ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸರಿ ತಪ್ಪು ಹೇಳೋಕೆ ನಮಗೂ ಬಾಯಿ ಬರಲಿಲ್ಲ.

ಮಾರನೆ ಸಂಜೆ ಒಬ್ಬ ತಾಯಿ ಬಂದು ನಮ್ಮನ್ನ ತರಾಟೆಗೆ ತಗೊಂಡಳು. ಗೆಳೆಯರೆ, ಈ ಮಾತನ್ನ ಬಚ್ಚಿಡಬಾರದು ಅಂತ ಬರೆಯುತ್ತಿದ್ದೇವೆ. “ಮೇಷ್ಟ್ರೆ, ನನ್ನ ಮಗ ಆಟ ಆಡ್ಕೊಂಡು ನೆಮ್ಮದಿಯಾಗಿದ್ದ. ರಾತ್ರಿ ಊಟ ಮಾಡ್ನಿಲ್ಲ. ಹಳೇ ಗಾಯ ಕೆರೆದು ಮಕ್ಕಳಿಗ್ಯಾಕೆ ತೋರಿಸ್ತೀರಿ? ನಾವು ಪಟ್ಟಿದ್ದು ನಮಗೇ ಮುಗೀಲಿ ಅಂತ ಅಲ್ವ ಅವರನ್ನ ಸ್ಕೂಲಿಗೆ ಕಳ್ಸಿರೋದು?” ಅವಳ ಮಾತಿನಲ್ಲಿ ಸುಳ್ಳಿಲ್ಲ. ವೇದಿಕೆ ಮೇಲೆ ಅರಿವು, ಜಾಗೃತಿ ಅಂತ ಭಾಷಣ ಬಿಗಿಯೋ ನಾವು, ಅರಿವು ಒಂದು ಮಗುವಿನ ತಟ್ಟೆಯ ಅನ್ನವನ್ನ ಹಾಗೇ ಉಳಿಸಬಹುದು ಅಂತ ಯೋಚನೆ ಮಾಡಿರಲಿಲ್ಲ. ಓದು ನಿಲ್ಲಿಸೋಣ ಅಂತಲೂ ನಮ್ಮಲ್ಲಿ ಒಬ್ಬರು ಅಂದರು.

ಆಗ ಆ ಹುಡುಗನೇ ಅವ್ವನ ಸೆರಗು ಹಿಡಿದು ಹೇಳಿದ. “ನಂಗೆ ಮೊದ್ಲೇ ಗೊತ್ತಿತ್ತು ಕಣವ್ವ. ಟೀ ಅಂಗಡೀಲಿ ನಮಗೆ ಪೇಪರ್ ಲೋಟ, ಅವರಿಗೆ ಗಾಜಿನ ಲೋಟ.” ತಾಯಿ ಏನೂ ಅನ್ನಲಿಲ್ಲ, ಜಗಲಿ ತುದಿಯಲ್ಲಿ ಕೂತಳು. ಅವತ್ತಿನಿಂದ ಕೊನೆತನಕ ಬಂದು ಕೂತಳು.

ಅಂಬೇಡ್ಕರರು ಬರೆದಿರೋದರ ಅರ್ಥವೂ ಇದೇ. ಆ ಪ್ರಯಾಣಕ್ಕೆ ಮೊದಲೂ ಭೀಮನಿಗೆ ತಾನು ಅಸ್ಪೃಶ್ಯ ಅಂತ ಗೊತ್ತಿತ್ತು. ಕ್ಲಾಸಿನಲ್ಲಿ ಮೂಲೆಯಲ್ಲಿ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದ, ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ನೀರಿಲ್ಲ. ಅದೆಲ್ಲ ಇರೋದೇ ಹಾಗೆ ಅಂತ ಅಂದುಕೊಂಡಿದ್ದ. ಮಸೂರಿನಿಂದ ಕೋರೆಗಾವ್‌ವರೆಗಿನ ದಾರಿಯಲ್ಲಿ ಮೊದಲ ಸಲ, ಯಾಕೆ ಹೀಗೆ ಅಂತ ಯೋಚನೆಗೆ ಬಿದ್ದ.

“ಆಮೇಲೆ ಏನಾಯ್ತು?” ಅಂತ ಕೇಳದ ಮಗುವೇ ಇಲ್ಲ. ಆಮೇಲೆ ಅಂದರೆ 1927. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಬೋಲೆಯವರ ಠರಾವು 1923ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಪಾಸಾಗಿತ್ತು. ಮಹಾಡ್ ಪುರಸಭೆಯೂ ತನ್ನ ಚವದಾರ್ ಕೆರೆಯನ್ನ ತೆರೆದಿದ್ದೇವೆ ಅಂತ ಬರೆದುಕೊಂಡಿತ್ತು. ನೀರು ಮುಟ್ಟಿದವರು ಮಾತ್ರ ಯಾರೂ ಇಲ್ಲ. ಮಾರ್ಚ್ 20ರಂದು ಭೀಮ ಸಾವಿರಾರು ಜನರನ್ನ ಕರೆದುಕೊಂಡು ಹೋಗಿ ಆ ಕೆರೆಯ ನೀರು ಕುಡಿದ. ಬಿಸಿಲೇರುವ ತಿಂಗಳು. ಸವರ್ಣೀಯರು ದೊಣ್ಣೆ ಹಿಡಿದು ಬಿದ್ದರು, ಆಮೇಲೆ ಗಂಜಳ ಸಗಣಿ ಹಾಕಿ ಕೆರೆಯನ್ನ ಶುದ್ಧ ಮಾಡಿಕೊಂಡರು. ಡಿಸೆಂಬರ್ 25ರಂದು ಅದೇ ಊರಲ್ಲಿ ಮನುಸ್ಮೃತಿ ಸುಟ್ಟರು. ಕೆರೆಯ ಮೊಕದ್ದಮೆ ಹತ್ತು ವರ್ಷ ನಡೆದು 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ನಮ್ಮ ಕಡೆ ಆಯಿತು. ಗಂಜಳ ಹಾಕಿದರೆ ಶುದ್ಧ ಹೆಂಗಾಯ್ತದೆ ಅಂತ ಮಕ್ಕಳು ಬಿದ್ದು ಬಿದ್ದು ನಕ್ಕರು. ಭೀಮ ದಾರಿಯಲ್ಲಿ ಕುಡಿಯದೆ ಬಿಟ್ಟದ್ದು ಅದನ್ನೇ ಅಲ್ವ ಅಂತ ಒಬ್ಬಳು ನೆನಪು ಮಾಡಿದಳು.

ಕೊನೆ ವಾರ ಓದು ಬಿಟ್ಟು ಬರೆಯೋಕೆ ಕೂರಿಸಿದೆವು. ಮುಕ್ತಾ ಬರೆದ ಹಾಗೆ, ನಿಮಗೆ ಗೊತ್ತಿರೋದನ್ನ, ನಿಮ್ಮ ಮನೆಯವರನ್ನ ಕೇಳಿ ಬರೀರಿ ಅಂದೆವು. ಬಹಳ ಮಕ್ಕಳು ಒಂದು ಪುಟ ಬರೆದು ನಿಲ್ಲಿಸಿದರು. ಇಬ್ಬರು ಕ್ರಿಕೆಟ್ಟಿನ ಬಗ್ಗೆ ಬರೆದರು, ಅದನ್ನೂ ಇಟ್ಟುಕೊಂಡೆವು. ಕಾಪಿ ಹೊಡೆಯೋಕೆ ಪುಸ್ತಕ ಎಲ್ಲಿತ್ತು ಅಂದಿದ್ದಳಲ್ಲ, ಆ ಹುಡುಗಿ ಹನ್ನೊಂದು ಪುಟ ಬರೆದಳು. ಮೇಲುಗೇರಿಯ ಸೇದೋ ಬಾವಿಯ ವಿಷಯ. ಅವಳಜ್ಜಿ ಹೇಳಿದ್ದು: ಹೊತ್ತು ಹುಟ್ಟೋಕೆ ಮುಂಚೆ ಬಿಂದಿಗೆ ಇಟ್ಟುಕೊಂಡು ದೂರ ಕೂರಬೇಕು. ಯಾರಾದರೂ ಮನಸ್ಸಿದ್ದವಳು ಬಂದು ಸೇದಿ ಹುಯ್ಯಬೇಕು. ಎತ್ತರದಿಂದ ಹುಯ್ಯೋರು, ಅರ್ಧ ಬಿಂದಿಗೆಗೆ, ಅರ್ಧ ನೆಲಕ್ಕೆ. ಯಾವ ವರ್ಷ ಅಂತ ಹುಡುಗಿ ಕೇಳಿದ್ದಾಳೆ. ಅಜ್ಜಿಗೆ ವರ್ಷ ಗೊತ್ತಿಲ್ಲ. “ಬರ ಬಂದಿತ್ತಲ್ಲ, ನಿಮ್ಮಪ್ಪ ಇನ್ನೂ ಮೊಲೆ ಕುಡೀತಿದ್ದ” ಅಂದಿದ್ದಾಳೆ. ಹುಡುಗಿ ಅಪ್ಪನ ಆಧಾರ್ ಕಾರ್ಡು ತೆಗೆದು ಹುಟ್ಟಿದ ಇಸವಿ ನೋಡಿ ಲೆಕ್ಕ ಹಾಕಿ ಪಕ್ಕದಲ್ಲಿ ಬರೆದಿದ್ದಾಳೆ: 1985. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದು ಮೂವತ್ತು ವರ್ಷ ಆಗಿತ್ತು. ಈ ಸಾಲನ್ನ ನಾವು ಅವಳಿಗೆ ಹೇಳಿಕೊಟ್ಟದ್ದಲ್ಲ, ಎಲ್ಲಿಂದಲೋ ಹುಡುಕಿಕೊಂಡು ಬಂದು ಸೇರಿಸಿದ್ದಾಳೆ.

ಆ ಬಾವಿ ಈಗ ಕಸ ತುಂಬಿ ಮುಚ್ಚಿದೆ. ಟ್ಯಾಂಕರು ಬಂದರೆ ಮೊದಲು ಯಾವ ಬೀದಿಯಲ್ಲಿ ನಿಲ್ಲುತ್ತೆ, ನಮ್ಮ ಕೇರಿಗೆ ಬರೋ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅನ್ನೋದು ಅವಳ ಹನ್ನೊಂದನೇ ಪುಟದಲ್ಲಿದೆ.

ಆ ನೋಟ್‌ಬುಕ್ಕು ಭವನದ ಬೀರುವಿನಲ್ಲಿ, ಅಂಬೇಡ್ಕರರ ಪುಸ್ತಕಗಳ ಪಕ್ಕದಲ್ಲಿದೆ. ಯಾರು ಬೇಕಾದರೂ ಬಂದು ಓದಬಹುದು. ಊರಿನಲ್ಲಿ ಬಾಳಿ ಬದುಕಬೇಕಾದ ಹುಡುಗಿಯಾದ್ದರಿಂದ ಅವಳ ಹೆಸರನ್ನ ನಾವು ಇಲ್ಲಿ ಅಚ್ಚು ಹಾಕುತ್ತಿಲ್ಲ. ರಟ್ಟಿನ ಮೇಲೆ ಅವಳೇ ಬರೆದುಕೊಂಡಿದ್ದಾಳೆ, ನೀಲಿ ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ, ಹೆಸರು, ಕ್ಲಾಸು, ಇನಿಷಿಯಲ್ಲು ಸಮೇತ.